ಹೆಸರು ಕೇಳದೆ ಎರೆದ ಹುಂಜ

ನನ್ನ ಅತ್ತೆ ಮಲೀಕಾ ಹೆಸರು ಕೇಳದೆ ಒಲೆ ಹಚ್ಚುವವರಲ್ಲ. ಮದುವೆಗೆ ಸಕ್ಕರೆ ಅಚ್ಚು ಬೇಕು ಎಂದು ಯಾರೇ ಬರಲಿ, ಎಷ್ಟು ಬೇಕು, ಯಾವತ್ತಿಗೆ ಬೇಕು ಎಂದು ಮೊದಲು ಕೇಳುವುದಿಲ್ಲ. "ಹುಡುಗಿ ಹೆಸರೇನು? ಯಾರ ಪೈಕಿ?" ಈ ಎರಡಕ್ಕೆ ಉತ್ತರ ಸಿಕ್ಕ ಮೇಲೇ ಉಳಿದ ಮಾತು. ಹದಿನಾಲ್ಕು ವರ್ಷ ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿತ್ತು. ಸಾಕಾಗಿದ್ದಕ್ಕೇ ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಏನಾಯಿತು ಎನ್ನುವುದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ, ನೀವು ಸಹಿಸಿಕೊಳ್ಳಬೇಕು. ನನ್ನ ಹೆಸರು ಗುಲ್ನಾಜ್. ಸಿಟ್ಟು ನನಗೆ ತವರಿನಿಂದ ಬಂದ ಬಳುವಳಿ. ಒಡವೆ ಕೊಡಲಿಲ್ಲ, ಇದನ್ನು ಕೊಟ್ಟು ಕಳಿಸಿದರು.

ನಮ್ಮ ಮನೆ ಇರುವುದು ಚಿತ್ರದುರ್ಗದ ಕೋಟೆಯ ಕೆಳಗಿನ ಗಲ್ಲಿಯಲ್ಲಿ. ಮನೆತನ ಬಡಗಿಗಳದು. ನಮ್ಮ ಮಾವ ಮಹಮ್ಮದ್ ಗೌಸ್ ಬಾಗಿಲು, ಕಿಟಕಿ ಮಾಡುತ್ತಲೇ ಬಿಡುವಿನಲ್ಲಿ ಸಕ್ಕರೆ ಅಚ್ಚಿನ ಮರದ ಅಚ್ಚುಗಳನ್ನು ಕೆತ್ತುತ್ತಿದ್ದರು. ಎರಡು ತುಂಡು ಮರ, ಒಳಗೆ ಅರ್ಧ ಆನೆ ಇದರಲ್ಲಿ, ಅರ್ಧ ಆನೆ ಅದರಲ್ಲಿ. ಜೋಡಿಸಿ ರಬ್ಬರು ಹಾಕಿ ಪಾಕ ಎರೆದರೆ ಇಡೀ ಆನೆ ಹೊರಗೆ ಬರಬೇಕು. ಅತ್ತೆ ಹೊಸದುರ್ಗದಿಂದ ಹದಿನೇಳನೇ ವಯಸ್ಸಿಗೆ ಸೊಸೆಯಾಗಿ ಬಂದಾಗ ಅವರ ಅತ್ತೆ ಒಂದು ಬುಟ್ಟಿ ಅಚ್ಚು ಮುಂದಿಟ್ಟು, "ಇದು ನಿನ್ನ ಪಾಲಿಗೆ" ಎಂದರಂತೆ. ಸಂಕ್ರಾಂತಿಗೆ ಎಳ್ಳಿನ ಜೊತೆ ಹಂಚುವ ಅಚ್ಚನ್ನು ಎಲ್ಲರೂ ಮಾಡುತ್ತಾರೆ. ಮದುವೆಯ ತಾಂಬೂಲದ ಜೊತೆ ಕೊಡುವ ಅಚ್ಚಿಗೆ ಮಾತ್ರ ಸುತ್ತಲ ಹಳ್ಳಿಯವರು ನಮ್ಮ ಗಲ್ಲಿಗೇ ಬರುತ್ತಿದ್ದರು. ಅತ್ತೆಗೆ ಅವರು ಇಟ್ಟ ಹೆಸರು ಅಚ್ಚಿನ ಬೂಬಮ್ಮ.

ಈ ಕೆಲಸ ನೋಡುವುದಕ್ಕೆ ಸುಲಭ. ಮಾಡಿ ನೋಡಿ, ಸೊಂಟ ಹೇಳುತ್ತದೆ. ಮರದ ಅಚ್ಚುಗಳನ್ನು ಹಿಂದಿನ ದಿನವೇ ಬಕೆಟ್ ನೀರಿನಲ್ಲಿ ನೆನೆಹಾಕಬೇಕು. ಒಣ ಮರಕ್ಕೆ ಎರೆದರೆ ಮರ ಸಕ್ಕರೆಯನ್ನು ಕಚ್ಚಿಕೊಂಡು ಬಿಡುವುದೇ ಇಲ್ಲ. ಸಕ್ಕರೆ ಕುದಿಸಿ, ಹಾಲು ಬಿಟ್ಟು ಕೊಳೆ ಮೇಲೆ ಬರಿಸಿ, ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದೇ ಸೌಟು ಪಾಕವನ್ನು ಸಣ್ಣ ಪಾತ್ರೆಯಲ್ಲಿ ಕಾಯಿಸಿ ಮರದ ಕಡ್ಡಿಯಿಂದ ಪಾತ್ರೆಯ ಬದಿಗೆ ತಿಕ್ಕುತ್ತಿರಬೇಕು. ಪಾಕ ಬೆಳ್ಳಗೆ ತಿರುಗುವ ಒಂದು ಗಳಿಗೆ ಬರುತ್ತದೆ. ಆಗ ಎರೆಯಬೇಕು. ಒಂದು ಉಸಿರು ಮುಂಚೆ ಎರೆದರೆ ಗಟ್ಟಿಯಾಗುವುದಿಲ್ಲ, ಒಂದು ಉಸಿರು ತಡವಾದರೆ ಪಾತ್ರೆಯಲ್ಲೇ ಕಲ್ಲು. ಅತ್ತೆ ಬಿಸ್ಮಿಲ್ಲಾ ಎಂದು, ಮದುವೆ ಹುಡುಗಿಯ ಹೆಸರು ಹೇಳಿ ಮೊದಲ ಅಚ್ಚು ಎರೆಯುತ್ತಾರೆ. ಆ ಮೊದಲ ಅಚ್ಚನ್ನು ಬೇರೆ ಕಾಗದದಲ್ಲಿ ಕಟ್ಟಿ ಹುಡುಗಿಗೇ ಎಂದು ಕಳಿಸುತ್ತಾರೆ. ಇದು ಯಾವ ಶಾಸ್ತ್ರ, ಯಾವ ಕಿತಾಬಿನಲ್ಲಿದೆ ಎಂದು ನಾನು ಒಮ್ಮೆ ಕೇಳಿದ್ದೆ. "ನನ್ನ ಅತ್ತೆ ಹೇಳಿದ್ದು. ನಿನಗೆ ನಾನು ಹೇಳಿದ್ದು. ಸಾಕಲ್ಲ" ಎಂದರು.

ಹೆಸರು ಕೇಳುವುದರಲ್ಲಿ ಒಂದು ಕಾರಣವೂ ಇತ್ತು. ಅದಕ್ಕೆ ಪಾಲಮ್ಮನ ಕತೆ ಹೇಳಬೇಕು.

ಪಾಲಮ್ಮ ಹಿರಿಯೂರು ದಾರಿಯ ಐಮಂಗಲದ ಪಕ್ಕದ ಗೊಲ್ಲರ ಹಟ್ಟಿಯವರು. ಕುರಿ ಕಾಯುವ ಮನೆ. ನಲವತ್ತು ವರ್ಷದ ಹಿಂದೆ ದುರ್ಗಕ್ಕೆ ಬೆಣ್ಣೆ ಮಾರಲು ಬರುತ್ತಿದ್ದರು. ನಾದಿನಿಯ ಮದುವೆಗೆಂದು ಅಚ್ಚು ಹೇಳಿ, ಒಯ್ಯಲು ಬಂದ ದಿನ ಹಿತ್ತಲ ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಹುಂಜದ ಅಚ್ಚು ಅವರ ಕಣ್ಣಿಗೆ ಬಿತ್ತು. ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟು ಹೊರಟೇಬಿಟ್ಟರು. ಆಗಿನ್ನೂ ಹೊಸ ಸೊಸೆಯಾಗಿದ್ದ ಅತ್ತೆ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡದೆ ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಓಡಿದರಂತೆ.

"ನಮ್ಮ ಹಟ್ಟಿಗೆ ಕೋಳಿ ಬರಂಗಿಲ್ಲಮ್ಮ" ಎಂದರು ಪಾಲಮ್ಮ. "ಸಾಕಂಗಿಲ್ಲ, ತಿನ್ನಂಗಿಲ್ಲ. ಕೋಳಿ ನೆಂದ ನೀರಾಗೆ ನೆಂದಿದ್ದನ್ನ ಹೆಂಗೆ ಒಯ್ಯಲಿ?"

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅದು ಮರದ ಹುಂಜ, ಕೂಗುತ್ತದಾ, ಹೊಲಸು ಮಾಡುತ್ತದಾ? ನಾನೇ ಆಗಿದ್ದರೆ ಹಾಗೆ ಹೇಳಿ ಜಗಳ ತೆಗೆಯುತ್ತಿದ್ದೆ. ಅತ್ತೆ ನಗಲಿಲ್ಲ. "ನಮ್ಮ ಮನೆಗೂ ಬರಬಾರದ್ದು ಒಂದೈತೆ ಅಕ್ಕ. ನಂಗೆ ತಿಳೀತದೆ. ಎಂಟು ದಿನ ಟೈಮ್ ಕೊಡ್ರಿ" ಎಂದರು. ಆ ಎಂಟು ದಿನದಲ್ಲಿ ಮಾವ ಕುರಿ, ಬಸವ, ಕೊಳಲು, ತೊಟ್ಟಿಲು, ಕಳಶ ಎಂದು ಐದು ಹೊಸ ಅಚ್ಚು ಕೆತ್ತಿದರು. ಅವಕ್ಕೆ ಬೇರೆ ಬಟ್ಟೆಯ ಚೀಲ ಬಂತು. ನೀಲಿ ಹಿಡಿಯ ಬೇರೆ ತಗಡಿನ ಬಕೆಟ್ಟೂ ಬಂತು. ಅಂದಿನಿಂದ ಅವು ಹಟ್ಟಿ ಚೀಲ, ಹಟ್ಟಿ ಬಕೆಟ್. ಹಟ್ಟಿಯ ಮದುವೆಯ ಕೆಲಸ ಹಿಡಿದರೆ ಮುಗಿಯುವ ತನಕ ನಮ್ಮ ಮನೆಯಲ್ಲಿ ಕೋಳಿ ಬೇಯುವುದಿಲ್ಲ. ನನ್ನ ಗಂಡ ಇಮ್ರಾನ್ ಮುಖ ಊದಿಸಿಕೊಂಡು ಬೇಳೆ ಸಾರು ಉಣ್ಣುತ್ತಾನೆ. ಪಾಲಮ್ಮ ಇದನ್ನು ಕೇಳಿರಲಿಲ್ಲ. ಅತ್ತೆಯೇ ಹಾಕಿಕೊಂಡ ಕಟ್ಟು. ನಲವತ್ತು ವರ್ಷದಲ್ಲಿ ಹಟ್ಟಿಯ ಎಷ್ಟು ಮದುವೆಗೆ ನಮ್ಮ ಅಚ್ಚು ಹೋಗಿದೆಯೋ, ಒಂದು ಮಾತು ಬಂದಿರಲಿಲ್ಲ.

ಈಗ ಯೋಗೇಶನ ವಿಷಯಕ್ಕೆ ಬರುತ್ತೇನೆ.

ಯೋಗೇಶ್ ಹಿರಿಯೂರಿನವನು. ಮದುವೆ ಕಂಟ್ರಾಕ್ಟ್ ಹಿಡಿಯುತ್ತಾನೆ. ಮಂಟಪ, ಲೈಟು, ಅಡುಗೆ, ಫೋಟೋ, ತಾಂಬೂಲ, ಎಲ್ಲವೂ ಅವನ ಕೈಯಿಂದಲೇ. ಹೆಣ್ಣು ಗಂಡು ಬಿಟ್ಟು ಉಳಿದದ್ದೆಲ್ಲ ಅವನೇ ತರುತ್ತಾನೆ. ಎರಡು ವರ್ಷದಿಂದ ನಮ್ಮಲ್ಲಿ ಅಚ್ಚು ತೆಗೆದುಕೊಳ್ಳುತ್ತಿದ್ದ. ಕಳೆದ ಬೇಸಿಗೆಯಲ್ಲಿ ನನಗೆ ಫೋನ್ ಮಾಡಿದ.

"ಅಕ್ಕಾ, ಮುನ್ನೂರು ಡಬ್ಬಿ. ಡಬ್ಬಿಗೆ ಐದು. ಆನೆ, ನವಿಲು, ಗೋಪುರ, ಗಿಣಿ, ಹುಂಜ. ಹುಂಜಕ್ಕೆ ಕೆಂಪು ಬಣ್ಣ ಹಾಕ್ರಿ, ಫೋಟೋದಾಗೆ ಚೆನ್ನಾಗಿ ಬರ್ತತೆ."

"ಹುಡುಗಿ ಹೆಸರು?"

"ಯಾಕಕ್ಕ ಹೆಸರು? ಅವರ ಹೆಸರು ನಿಮಗೆ ಬ್ಯಾಡ, ನಿಮ್ಮ ಹೆಸರು ಅವರಿಗೆ ಬ್ಯಾಡ. ಈಗಿನ ಕಾಲ ಹೆಂಗೈತೆ ಅಂತ ನಾನು ಹೇಳಬೇಕಾ? ಇಬ್ಬರಿಗೂ ಒಳ್ಳೇದು."

ಅವನು ಮುಟ್ಟಿದ್ದು ಗಾಯದ ಮೇಲೇ. ಹಿಂದಿನ ವರ್ಷ ಹೊಳಲ್ಕೆರೆಯ ಒಂದು ಮದುವೆಗೆ ಅಚ್ಚು ಕಳಿಸಿದ್ದೆವು. ಡಬ್ಬಿಯ ತಳದಲ್ಲಿ ಮಲೀಕಾ ಎಂದು ಬರೆದ ಚೀಟಿ ಕಂಡು, ಯಾರೋ ಒಬ್ಬ ದೊಡ್ಡ ಮನುಷ್ಯ ಅಷ್ಟನ್ನೂ ವಾಪಸು ಕಳಿಸಿದ. ಅಲ್ಲಿಯ ತನಕ ತಿಂದು ಚಪ್ಪರಿಸಿದ್ದ ನಾಲಿಗೆಗೆ ಚೀಟಿ ಓದಿದ ಮೇಲೆ ಸಕ್ಕರೆ ಕಹಿಯಾಯಿತಂತೆ. ನಾನು ಆ ದಿನ ಡಬ್ಬಿ ತಂದ ಡ್ರೈವರನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ, ಪಾಪ ಅವನದೇನು ತಪ್ಪು. ಅತ್ತೆ ಮೂರು ದಿನ ಒಲೆ ಹಚ್ಚಲಿಲ್ಲ, ಅಷ್ಟೇ. ಅದನ್ನು ಮತ್ತೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ. ಯೋಗೇಶನ ಮಾತು ಸರಿ ಎನ್ನಿಸಿತು. ಆಯಿತಪ್ಪ ಎಂದು ಫೋನ್ ಇಟ್ಟೆ.

ಅತ್ತೆ ಹಿತ್ತಲಿಂದಲೇ ಕೇಳಿದರು, "ಹುಡುಗಿ ಹೆಸರೇನಂತೆ?"

ಹೆಸರಿಲ್ಲ ಎಂದರೆ ಕೆಲಸ ಹಿಡಿಯುತ್ತಿರಲಿಲ್ಲ. ಆ ಹಟಕ್ಕೇ ಅದಕ್ಕೆ ಮುಂಚೆ ಎರಡು ಮದುವೆ ಕೈತಪ್ಪಿದ್ದವು. ಕಿಟಕಿಯ ಎದುರು ಒಂದು ಹೊಲಿಗೆ ಅಂಗಡಿ ಇದೆ. ಬೋರ್ಡಿನ ಮೇಲೆ ಮಂಗಳಾ ಎಂದಿತ್ತು.

"ಮಂಗಳಾ ಅಂತೆ ಅಮ್ಮಿ. ದಾವಣಗೆರೆ ಕಡೆಯೋರು."

ಅಷ್ಟೇ ನಾನು ಮಾಡಿದ್ದು. ಬೋರ್ಡು ಓದಿದ್ದು.

ಅತ್ತೆ ಬಿಸ್ಮಿಲ್ಲಾ ಹೇಳಿ, ಮಂಗಳಾ ಎಂದು ಹೇಳಿ ಮೊದಲ ಅಚ್ಚು ಎರೆದರು. ಕೈಗೆ ಸಿಕ್ಕಿದ್ದು ಹುಂಜದ ಅಚ್ಚು. ಕೆಂಪು ಹುಂಜ ಹೊರಗೆ ಬಂತು. ಮಾವ ಅದನ್ನು ಕೆತ್ತುವಾಗ ಉಳಿ ಜಾರಿ ಬಾಲದ ಒಂದು ಗರಿ ಹಾರಿಹೋಗಿತ್ತು, ಹಾಗಾಗಿ ನಮ್ಮ ಹುಂಜಕ್ಕೆ ಮೂರೇ ಗರಿ. ಅದನ್ನು ಕಾಗದದಲ್ಲಿ ಕಟ್ಟಿ, "ಇದು ಆ ಹುಡುಗಿಗೆ, ಮರೀಬೇಡ" ಎಂದು ನನ್ನ ಕೈಯಲ್ಲಿಟ್ಟರು. ಇಲ್ಲದ ಹುಡುಗಿಗೆ ಎಲ್ಲಿಂದ ಕಳಿಸಲಿ? ಏಲಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಎಂಟು ದಿನ ಇಬ್ಬರೂ ಎರೆದೆವು. ಆ ಎಂಟು ದಿನವೂ ಅತ್ತೆಯ ಮುಖ ಸರಿಯಿರಲಿಲ್ಲ. ಪಾಲಮ್ಮನ ಮೊಮ್ಮಗಳು ಮೀನಾಕ್ಷಿಗೆ ಜುಂಜೇಶ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿದೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರು. ಅತ್ತೆ ಹಟ್ಟಿ ಚೀಲ ಕೆಳಗಿಳಿಸಿ, ಐದೂ ಅಚ್ಚು ಒರೆಸಿ ಕಾಯುತ್ತಿದ್ದರು. ಹಟ್ಟಿಯಿಂದ ಫೋನ್ ಬರಲಿಲ್ಲ.

"ಪಾಲಕ್ಕ ಮರ್ತಳಾ?" ಎಂದು ಎರೆಯುತ್ತಲೇ ಕೇಳಿದರು.

"ಮೊಮ್ಮಕ್ಕಳ ಕಾಲ ಅಮ್ಮಿ. ಚಾಕೊಲೇಟ್ ಕೊಡ್ತಾರೇನೋ."

"ಕೊಡ್ಲಿ. ಒಂದು ಮಾತು ಹೇಳಬಹುದಿತ್ತು."

ಆ ಮಾತು ಆಡುವಾಗ ಅವರ ಕೈಯಲ್ಲಿದ್ದದ್ದು ಮೀನಾಕ್ಷಿಯ ಮದುವೆಯ ಅಚ್ಚೇ. ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ವಾರ ಎರಡು ಸಲ ಕೋಳಿ ಸಾರು ಮಾಡಿದ್ದೆವು.

ಡಬ್ಬಿಗಳು ಹೋದವು. ಎರಡನೇ ದಿನ ಬೆಳಿಗ್ಗೆ ಇಮ್ರಾನ್ ಫೋನ್ ಹಿಡಿದುಕೊಂಡು ಒಳಗೆ ಬಂದ. ಯಾರೋ ಕಳಿಸಿದ ವಿಡಿಯೋ. ಅದರಲ್ಲಿ ಒಂದು ಕೈ ಡಬ್ಬಿ ತೆರೆದು ಕೆಂಪು ಹುಂಜವನ್ನು ಎತ್ತಿ ತೋರಿಸುತ್ತಿತ್ತು. ಹಿಂದಿನಿಂದ ದನಿ: "ನೋಡ್ರಪ್ಪ, ನಾಳೆ ಮದುವೆ, ಇವತ್ತು ಹಟ್ಟಿಗೆ ಕೋಳಿ ಕಳ್ಸ್ಯಾರೆ. ದುರ್ಗದ ಸಾಬರ ಮನೇಲಿ ಮಾಡಿದ್ದಂತೆ. ಬೇಕಂತ್ಲೇ ಮಾಡ್ಯಾರೆ." ಕೊನೆಗೆ ಬೇಲಿಯ ಪಕ್ಕ ನಿಂತ ಒಬ್ಬ ಮುದುಕಿಯ ಮುಖ ಬಂದು ಹೋಯಿತು.

"ಮೂರು ಗರಿ. ಇದು ನಮ್ಮದೇ" ಎಂದರು ಅತ್ತೆ. ಆಮೇಲೆ, "ಅದು ಪಾಲಕ್ಕ" ಎಂದರು.

ನನ್ನ ಕಡೆ ತಿರುಗಿದರು. "ಮಂಗಳಾ ಅಂದ್ಯಲ್ಲ, ಗುಲ್ಲು?"

ನನ್ನ ಕಣ್ಣು ಕಿಟಕಿಯಾಚೆಯ ಬೋರ್ಡಿನ ಕಡೆ ಹೋಯಿತು. ಅತ್ತೆ ಒಂದು ಗಳಿಗೆ ನನ್ನನ್ನು ನೋಡಿದರು, ಅವರಿಗೆ ಗೊತ್ತಾಯಿತು. ಬೈದಿದ್ದರೆ ನಾನೂ ಎರಡು ಮಾತು ಎದುರಾಡಿ ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

"ಹೋಗಾಣ ನಡೀರಿ" ಎಂದರು.

"ಎಲ್ಲಿಗಮ್ಮಿ? ಈಗ ಅಲ್ಲಿಗೆ ಹೋದ್ರೆ ಹೊಡೀತಾರೆ" ಎಂದ ಇಮ್ರಾನ್.

"ಇವತ್ತು ಹೋಗದಿದ್ರೆ ನಾಳೆಯಿಂದ ನಾನು ಬೇಕಂತ್ಲೇ ಮಾಡ್ದೋಳು. ಸಾಯೋತನಕ ಅದೇ ಹೆಸರು. ಪಾಲಕ್ಕ ಹಂಗೆ ಅಂದ್ಕಂಡ್ರೆ ನಾನು ಬದುಕಿ ಏನ್ ಮಾಡ್ಲಿ?"

ಹಟ್ಟಿ ಚೀಲ ತೆಗೆದುಕೊಂಡರು. ರಾತ್ರಿಯಿಡೀ ನೆನೆಸುವಷ್ಟು ಹೊತ್ತಿರಲಿಲ್ಲ, ಹಟ್ಟಿ ಬಕೆಟ್ಟಿಗೆ ನೀರು ತುಂಬಿ ಆಗಲೇ ಐದು ಅಚ್ಚು ಮುಳುಗಿಸಿದರು. ಇಮ್ರಾನನ ಲಗೇಜ್ ಆಟೋದಲ್ಲಿ ಐಮಂಗಲದವರೆಗೆ ಹೆದ್ದಾರಿಯ ಗಾಳಿಗೆ ಬಕೆಟ್ ತುಳುಕದಂತೆ ಎರಡೂ ಕೈಯಿಂದ ಹಿಡಿದುಕೊಂಡೇ ಕೂತಿದ್ದರು. ನಾನು ಎದುರಿಗೆ ಕೂತು ಯೋಗೇಶನಿಗೆ ಮನಸ್ಸಿನಲ್ಲೇ ಬೈಯುತ್ತಿದ್ದೆ. ನಡುನಡುವೆ ಬೈಗುಳ ನನ್ನ ಮೇಲೇ ತಿರುಗುತ್ತಿತ್ತು.

ಹಟ್ಟಿಯ ಮುಳ್ಳುಬೇಲಿಯ ಹೊರಗೆ, ಜಾಲಿ ಮರದ ಕೆಳಗೆ, ಮುನ್ನೂರು ಡಬ್ಬಿಗಳನ್ನು ಒಟ್ಟಿದ್ದರು. ಸುತ್ತ ಮೂವತ್ತು ನಲವತ್ತು ಜನ. ಹಟ್ಟಿಯ ಹಿರಿಯರು ಕರಿಸಿದ್ದಪ್ಪ ಕಲ್ಲಿನ ಮೇಲೆ ಕೂತಿದ್ದರು. ಬೇಲಿಯ ಒಳಗೆ ಪಾಲಮ್ಮ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಯೋಗೇಶ ಎಲ್ಲರಿಗೂ ಏನೋ ಹೇಳುತ್ತಿದ್ದ. ಊರು ಸುಟ್ಟರೂ ಹನುಮಪ್ಪ ಹೊರಗೆ ಅನ್ನುತ್ತಾರಲ್ಲ, ಹಾಗೆ.

"ಬಂದ್ರು ನೋಡ್ರಿ" ಎಂದ ನಮ್ಮನ್ನು ಕಂಡು. "ನಾನೇನು ಮಾಡ್ಲಿ ಸ್ವಾಮಿ? ಸಕ್ಕರೆ ಅಚ್ಚು ಅಂತ ಹೇಳಿದ್ದೆ. ಇವರು ಹಿಂಗೆ ಮಾಡ್ತಾರೆ ಅಂತ ಯಾರಿಗೆ ಗೊತ್ತು? ಇವರ ಬುದ್ಧಿನೇ ಇಷ್ಟು."

ಹುಂಜ ಹಾಕಿ ಎಂದವನು ಅವನು. ಕೆಂಪು ಬಣ್ಣ ಹಾಕಿ ಎಂದವನು ಅವನು. ನನ್ನ ಕೈ ಚಪ್ಪಲಿಯ ಕಡೆ ಹೋಯಿತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ತಪ್ಪಾಗೈತೆ" ಎಂದರು ಕರಿಸಿದ್ದಪ್ಪನವರ ಮುಂದೆ. "ನಾನೇ ಎರೆದಿದ್ದು. ನಂದೇ ತಪ್ಪು."

ಜನ ಗುಜುಗುಜು ಎಂದರು. ಕರಿಸಿದ್ದಪ್ಪ ಒಳ್ಳೆಯ ಮನುಷ್ಯ, ನಾಳೆಯ ಮದುವೆಯ ಚಿಂತೆ ಅವರಿಗೆ. "ನೋಡಮ್ಮ, ತಪ್ಪು ಒಪ್ಕಂಡ್ರಿ, ಮುಗೀತು. ಆ ಹುಂಜ ಒಂದೊಂದು ತೆಗೆದು ಹಾಕ್ರಿ. ಉಳಿದ ನಾಲ್ಕು ಮಂಟಪದಾಗೆ ಹಂಚಾಣ. ಹಟ್ಟಿಯೊಳಕ್ಕೆ ಬ್ಯಾಡ" ಎಂದರು.

ನನಗೆ ಹೋದ ಜೀವ ಬಂದಂತಾಯಿತು. ಯೋಗೇಶ ಆಗಲೇ ಬಗ್ಗಿ ಒಂದು ಡಬ್ಬಿ ತೆರೆದಿದ್ದ.

"ಬ್ಯಾಡ್ರಿ" ಎಂದರು ಅತ್ತೆ. "ಐದನ್ನೂ ಒಂದೇ ಬಕೆಟ್ಟಿನಾಗೆ ನೆನೆಹಾಕೀನಿ. ಹುಂಜ ತೆಗೆದ್ರೂ ಉಳಿದದ್ದು ನಿಮಗೆ ಬರಲ್ಲ."

ಯಾರು ಕೇಳಿದ್ದರು? ಯಾರಿಗೆ ಗೊತ್ತಾಗುತ್ತಿತ್ತು? ಸುಮ್ಮನಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಅವರ ಮೇಲೆ ಬಂದ ಸಿಟ್ಟು ಹೇಳತೀರದು. ಹದಿನಾಲ್ಕು ವರ್ಷದಲ್ಲಿ ಅಷ್ಟು ಸಿಟ್ಟು ನನಗೆ ಅವರ ಮೇಲೆ ಯಾವತ್ತೂ ಬಂದಿರಲಿಲ್ಲ.

ಪಾಲಮ್ಮ ಬೇಲಿಯ ಹತ್ತಿರ ಬಂದರು.

"ಬೂಬಮ್ಮ, ಇಲ್ಲಿ ನೋಡು. ನಲವತ್ತು ವರ್ಷ ನಂಗೋಸ್ಕರ ಎರಡು ಬಕೆಟ್ ಇಟ್ಟೋಳು ನೀನು. ಈ ಸಲ ಒಂದೇ ಬಕೆಟ್ಟಿಗೆ ಹಾಕ್ದೆ. ಯಾಕೆ? ಯಾರ ಹೆಸರು ಹೇಳಿ ಎರೆದೆ?"

"ಮಂಗಳಾ ಅಂತ."

"ಮಂಗಳಾ ಯಾರು?"

ಅತ್ತೆ ನೆಲ ನೋಡುತ್ತ ನಿಂತರು. ನನ್ನ ಕಡೆ ಕಣ್ಣೂ ಎತ್ತಲಿಲ್ಲ. "ನಾನು ಸರಿಯಾಗಿ ಕೇಳ್ಲಿಲ್ಲ ಪಾಲಕ್ಕ" ಎಂದರು.

"ಸುಳ್ಳು ಹೇಳಬ್ಯಾಡ. ಹೆಸರು ಕೇಳದೆ ಎರೆಯೋಳಲ್ಲ ನೀನು."

ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಮನುಷ್ಯಳೇ ಅಲ್ಲ. "ಮಂಗಳಾ ಅನ್ನೋರು ಯಾರೂ ಇಲ್ಲ" ಎಂದೆ. "ಎದುರಿನ ಅಂಗಡಿ ಬೋರ್ಡು ನೋಡಿ ನಾನು ಸುಳ್ಳು ಹೇಳ್ದೆ. ಅಮ್ಮಿ ಕೇಳಿದ್ರು, ನಾನು ಸುಳ್ಳು ಹೇಳ್ದೆ. ಇವನು ಹೆಸರು ಬ್ಯಾಡ ಅಂದ. ಹುಂಜ ಹಾಕ್ರಿ ಅಂದೋನೂ ಇವನೇ, ಕೆಂಪು ಬಣ್ಣ ಹಾಕ್ರಿ ಅಂದೋನೂ ಇವನೇ. ನಮ್ಮ ಹೆಸರು ಗೊತ್ತಾದ್ರೆ ನೀವು ತಗಳಲ್ಲ, ಕಾಲ ಸರಿಯಿಲ್ಲ ಅಂದ. ಅವನ ಮಾತು ಕೇಳಿದ್ದು ನಂದು ತಪ್ಪು. ನಮ್ಮಮ್ಮಿದಲ್ಲ."

ಪಾಲಮ್ಮ ನಿಧಾನವಾಗಿ ಯೋಗೇಶನ ಕಡೆ ತಿರುಗಿದರು.

"ಏನೋ, ನಿನ್ ತಾವ ನಾನೇನಂದೆ? ಅಚ್ಚು ದುರ್ಗದ ಬೂಬಮ್ಮನ ತಾವನೇ ಮಾಡಿಸು, ಪಾಲಮ್ಮನ ಮೊಮ್ಮಗಳು ಮೀನಾಕ್ಷಿ ಮದುವೆ ಅಂತ ಹೇಳು, ಅಷ್ಟು ಹೇಳಿದ್ರೆ ಸಾಕು ಉಳಿದದ್ದು ಅವಳಿಗೆ ಗೊತ್ತು ಅಂತ ಅನ್ಲಿಲ್ವಾ?"

ಹಟ್ಟಿಯವರು ನಮ್ಮ ಹೆಸರು ಹೇಳಿಯೇ ಕೇಳಿದ್ದರು. ನಮ್ಮ ಹೆಸರಿಗೆ ಇಲ್ಲಿ ಯಾರೂ ಹೆದರಿರಲಿಲ್ಲ.

"ಅಜ್ಜಿ, ಬಿಸ್ನೆಸ್‌ನಾಗೆ ಎಲ್ಲಾನೂ ಹೇಳಕ್ಕಾಗ್ತದಾ?" ಎಂದ ಯೋಗೇಶ. "ನೀವು ನೀವೇ ಮಾತಾಡ್ಕಂಡ್ರೆ ನಡುವೆ ನಾನ್ಯಾಕೆ?"

ಅದೇ ವಿಷಯ. ಅಷ್ಟೇ ವಿಷಯ. ತಾನು ನಡುವೆ ಉಳಿಯಬೇಕು, ಅದಕ್ಕೆ ಆ ಕಡೆಯ ಹೆಸರು ಈ ಕಡೆ ಬರಬಾರದು, ಈ ಕಡೆಯದು ಆ ಕಡೆ ಹೋಗಬಾರದು. ಅದಕ್ಕೆ ಅವನಿಗೆ ಸಿಕ್ಕ ಸಲೀಸಾದ ಅಸ್ತ್ರ ನಮ್ಮ ಭಯ. ಹೊಳಲ್ಕೆರೆಯಲ್ಲಿ ಆದದ್ದು ನಿಜ, ಅದರ ಉರಿ ನಿಜ. ಆ ಉರಿಯಲ್ಲಿ ಈ ಮನುಷ್ಯ ಚಳಿ ಕಾಯಿಸಿಕೊಂಡ. ನಾನು ಕಟ್ಟಿಗೆ ಒಟ್ಟಿದೆ. ದ್ವೇಷ ಮಾಡುವವನಿಗೆ ಎದುರಾಗಿಯಾದರೂ ನಿಲ್ಲಬಹುದು. ದ್ವೇಷವನ್ನು ತೋರಿಸಿ ಹೆದರಿಸಿ ತನ್ನ ಬೇಳೆ ಬೇಯಿಸಿಕೊಳ್ಳುವವನಿಗೆ ಏನು ಮಾಡಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಆ ದಿನ ತಿಳಿದದ್ದನ್ನು ಮಾಡಿದ್ದರೆ ಇಮ್ರಾನ್ ನನ್ನನ್ನು ಠಾಣೆಯಿಂದ ಕರೆದುಕೊಂಡು ಬರಬೇಕಾಗುತ್ತಿತ್ತು.

ಪಾಲಮ್ಮ ಮತ್ತೆ ಅತ್ತೆಯ ಕಡೆ ತಿರುಗಿದರು. "ಸೊಸೆ ಮಾಡಿದ್ದಕ್ಕೆ ನಿಂದು ಅಂತ ಯಾಕಂದೆ?"

"ಒಲೆ ನಂದು, ಬಕೆಟ್ ನಂದು, ಸೊಸೆನೂ ನಂದು. ತಪ್ಪು ಮಾತ್ರ ಇನ್ಯಾರ್ದೋ ಅಂದ್ರೆ ಹೆಂಗಕ್ಕ?"

ಪಾಲಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಬೇಲಿಯ ಗೇಟಿನ ಮುಳ್ಳು ಸರಿಸಿದರು. "ಈ ಡಬ್ಬಿ ಒಂದೂ ಒಳಕ್ಕೆ ಬರಂಗಿಲ್ಲ. ನೀನು ಬಾ" ಎಂದರು.

ಅತ್ತೆ ಕದಲಲಿಲ್ಲ. "ಇವತ್ತು ಬರಂಗಿಲ್ಲ ಪಾಲಕ್ಕ. ಈ ವಾರ ಮನೇಲಿ ಕೋಳಿ ಬೇಯ್ಸೀವಿ. ಗೊತ್ತಿಲ್ಲದೆ."

ಬೇಕಂತಲೇ ಮಾಡ್ಯಾರೆ ಎಂದು ವಿಡಿಯೋ ಮಾಡಿದ್ದ ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ. ಅತ್ತೆ ಬಕೆಟ್ ಎತ್ತಿ ಬೇಲಿಯ ಪಕ್ಕ ಇಟ್ಟರು. "ಇದು ನಿಮ್ಮ ಬಕೆಟ್. ಇದಕ್ಕೆ ಯಾವತ್ತೂ ಬೇರೆ ಬಿದ್ದಿಲ್ಲ. ಮೊದಲ ಅಚ್ಚು ಹುಡುಗಿಗೆ ಹೋಗಬೇಕು. ನಾನು ಹೇಳ್ತೀನಿ, ನೀನು ಎರಿ" ಎಂದರು.

ಹಾಗಾಗಿ ಬೇಲಿಯ ಒಳಗೆ ಮೂರು ಕಲ್ಲಿನ ಒಲೆ ಹೂಡಿ ಪಾಲಮ್ಮ ಕೂತರು, ಹೊರಗೆ ಬಿಸಿಲಲ್ಲಿ ಅತ್ತೆ ಕೂತರು. ನಡುವೆ ಮುಳ್ಳುಬೇಲಿ. "ಹಾಲು ಬಿಡು. ಕೊಳೆ ತೆಗಿ. ಈಗ ತಿಕ್ಕು. ತಿಕ್ಕಕ್ಕ, ಕೈ ನಿಲ್ಲಿಸಬ್ಯಾಡ" ಎಂದು ಅತ್ತೆ ಹೇಳುತ್ತಿದ್ದರು. "ಕೈ ಬಿದ್ದೋತದೆ ಕಣೆ ಬೂಬಿ, ಇಷ್ಟು ವರ್ಷ ಹೆಂಗೆ ತಿಕ್ಕಿದೆ?" ಎಂದು ಪಾಲಮ್ಮ ಬೈಯುತ್ತಿದ್ದರು. ಎರಡು ಸಲ ಪಾಕ ಪಾತ್ರೆಯಲ್ಲೇ ಕಲ್ಲಾಯಿತು. ಮೂರನೇ ಸಲ ಅತ್ತೆ, "ಈಗ. ಹೆಸರು ಹೇಳಿ ಎರಿ" ಎಂದರು. ಪಾಲಮ್ಮ ಮೀನಾಕ್ಷಿ ಎಂದರು, ಎರೆದರು. ಅಚ್ಚು ಬಿಚ್ಚಿದಾಗ ಕುರಿ ಬಂತು, ಒಂದು ಕಿವಿ ಮುರಿದಿತ್ತು. ಹುಡುಗಿಗೆ ಅದೊಂದೇ ಸಿಕ್ಕಿದ್ದು. ಬಂದವರಿಗೆ ಹಂಚಲು ಯೋಗೇಶ ಹಿರಿಯೂರಿಗೆ ಓಡಿ ಮೂಟೆಗಟ್ಟಲೆ ಪೆಪ್ಪರಮೆಂಟು ತಂದನಂತೆ.

ಹೊರಡುವಾಗ ಪಾಲಮ್ಮ ನನ್ನನ್ನು ಬೇಲಿಯ ಹತ್ತಿರ ಕರೆದರು. "ಏನವ್ವ, ನನ್ನ ಮೊಮ್ಮಗಳ ಹೆಸರೇನು?"

"ಮೀನಾಕ್ಷಿ."

"ಹೂಂ" ಎಂದರು, ಅಷ್ಟೇ. ಕೆನ್ನೆಗೆ ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮುನ್ನೂರು ಡಬ್ಬಿಯೂ ಅದೇ ಲಗೇಜ್ ಆಟೋದಲ್ಲಿ ನಮ್ಮ ಮನೆಗೆ ವಾಪಸು ಬಂದವು. ಬೇರೆ ಯಾವುದಾದರೂ ಮದುವೆಗೆ ಕೊಡೋಣ ಎಂದೆ. "ಒಬ್ಬರ ಹೆಸರಲ್ಲಿ ಎರೆದದ್ದನ್ನ ಇನ್ನೊಬ್ಬರಿಗೆ ಕೊಡ್ತಾರಾ?" ಎಂದರು ಅತ್ತೆ. ಕರಗಿಸಿ ಮತ್ತೆ ಎರೆಯೋಣ ಎಂದೆ. ಮರುದಿನ ಬೆಳಿಗ್ಗೆ ಸಕ್ಕರೆ ಡಬ್ಬ ಎತ್ತಿ ಅಟ್ಟದ ಮೇಲಿಟ್ಟು, ಡಬ್ಬಿಗಳಿಂದ ಸುರಿದ ಅಚ್ಚುಗಳ ಮೂಟೆಯನ್ನು ನನ್ನ ಮುಂದೆ ಇಟ್ಟರು. "ಇದು ಮುಗಿಯೋತನಕ ಅಂಗಡಿ ಸಕ್ಕರೆ ತರಬ್ಯಾಡ."

ಅಂದಿನಿಂದ ನಮ್ಮ ಮನೆಯ ಚಹಕ್ಕೆ ಬೆಳಿಗ್ಗೆ ಆನೆ, ಸಂಜೆ ನವಿಲು. ಹುಂಜ ಹಾಕಿದ ದಿನ ಚಹ ಕೆಂಪು. ಇಮ್ರಾನ್ ನಗುತ್ತ ಕುಡಿದ, ನೆಂಟರು ವಿಚಿತ್ರವಾಗಿ ನೋಡುತ್ತ ಕುಡಿದರು. ಐದು ತಿಂಗಳು ದಿನಾ ನಾನು ನನ್ನ ಕೈಯಿಂದಲೇ ಆ ಹುಂಜಗಳ ಕತ್ತು ಮುರಿದು ಪಾತ್ರೆಗೆ ಹಾಕಿದೆ. ಅತ್ತೆ ಎದುರಿಗೆ ಕೂತು ನೋಡುತ್ತಿದ್ದರು. ಬೈಯಲಿಲ್ಲ. ನಾನು ಕಾಯುತ್ತಿದ್ದದ್ದು ಒಂದು ಬೈಗುಳಕ್ಕೆ. ಆ ಹೆಂಗಸು ಅದನ್ನು ನನಗೆ ಕೊಡಲೇ ಇಲ್ಲ.

ನಡುವೆ ಯೋಗೇಶ ಮತ್ತೆ ಫೋನ್ ಮಾಡಿದ. ಅವನಿಗೆ ನಾಚಿಕೆ ಎಲ್ಲಿಂದ ಬರಬೇಕು. "ಅಕ್ಕಾ, ಆಗಿದ್ದು ಆಗೋಯ್ತು. ಹೊಸದುರ್ಗದಾಗೆ ಒಂದು ಮದುವೆ ಐತೆ, ನಾನೂರು ಡಬ್ಬಿ."

"ಹುಡುಗಿ ಹೆಸರು ಹೇಳು."

"ಮತ್ತೆ ಅದೇ ಶುರುಮಾಡಿದ್ರಾ?"

"ಹೇಳಿದ್ರೆ ಒಲೆ ಹಚ್ತೀವಿ. ಇಲ್ಲಾಂದ್ರೆ ಪೆಪ್ಪರಮೆಂಟು ಹಂಚು."

ಅವನು ಫೋನ್ ಇಟ್ಟ. ಯಾರದು ಎಂದು ಅತ್ತೆ ಕೇಳಿದರು. ಹೆಸರಿಲ್ಲದವರು ಎಂದೆ.

ಮೂಟೆ ಮುಗಿದ ದಿನ ಬೆಳಿಗ್ಗೆ ಚಹಕ್ಕೆ ಅಚ್ಚು ಉಳಿದಿರಲಿಲ್ಲ. ಏಲಕ್ಕಿ ಡಬ್ಬಿಯ ಹಿಂದೆ ಕಾಗದದ ಪೊಟ್ಟಣ ಇರುವುದು ನೆನಪಾಯಿತು. ತೆಗೆದೆ. ಮೊದಲು ಎರೆದ ಹುಂಜ, ಮೂರು ಗರಿ, ಬಣ್ಣ ಸ್ವಲ್ಪ ಮಾಸಿತ್ತು. ಕತ್ತು ಮುರಿಯಲು ಬೆರಳಿಟ್ಟೆ.

"ಅದನ್ನ ಮುಟ್ಟಬ್ಯಾಡ" ಎಂದರು ಅತ್ತೆ. ಪೊಟ್ಟಣ ಅಲ್ಲಿರುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. "ಅದು ಮಂಗಳಾದು."

"ಮಂಗಳಾ ಇಲ್ಲ ಅಮ್ಮಿ."

"ಅವಳನ್ನ ಹುಟ್ಟಿಸಿದೋಳು ನೀನು. ಅವಳ ಹೆಸರು ಹೇಳಿ ಎರೆದೋಳು ನಾನು. ಮದುವೆ ಮಾಡಿ ಕಳಿಸೋ ತನಕ ಇಟ್ಕಾ."

ಆ ಹುಂಜ ಈಗ ನಾನು ಫೋನ್ ಇಡುವ ಗೂಡಿನಲ್ಲಿ ಗಾಜಿನ ಲೋಟದಲ್ಲಿದೆ. ದಿನಾ ಧೂಳು ಒರೆಸುವವಳು ನಾನೇ.